ಒಂದೇ ದಿನ ಎರಡು ಮತ ಏಕೆ ಬೇಡ: ಬೆಳಗಾವಿಯಿಂದ ಉತ್ತರ

ಚುನಾವಣೆಗೆ ಹೇಗೂ ಮತಗಟ್ಟೆ ತೆರೆಯುತ್ತಾರೆ, ಅದೇ ದಿನ ಇನ್ನೊಂದು ಚೀಟಿ ಕೊಟ್ಟು ‘ಕರ್ನಾಟಕವೋ ಮಹಾರಾಷ್ಟ್ರವೋ’ ಎಂದು ಕೇಳಿ ಬೆಳಗಾವಿಯ ಗಡಿ ತಂಟೆ ಮುಗಿಸಬಾರದೇ ಎಂದು ಕೆಲವರು ಕೇಳುತ್ತಾರೆ. ದೂರದಲ್ಲಿರುವವರಿಗೆ ಹಾಗೆ ಅನ್ನಿಸುತ್ತದೆ. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯಗಳ ಗಡಿ ಬದಲಿಸುವುದು ಸಂಸತ್ತಿನ ಕೆಲಸ. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಲೇಬೇಕೆಂದೇನೂ ಇಲ್ಲ. ಜನಮತಗಣನೆಯ ಪ್ರಸ್ತಾಪವಂತೂ ಅಲ್ಲಿಲ್ಲ.

ಆದರೂ ಚೋರ್ಲಾ ಘಾಟಿ ಇಳಿದರೆ ಸಿಗುವ ಗೋವಾದಲ್ಲಿ ಅದು ಒಮ್ಮೆ ನಡೆದಿದೆ. ಅದಕ್ಕೆಂದೇ ಸಂಸತ್ತು 1966ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಮಹಾರಾಷ್ಟ್ರಕ್ಕೆ ಸೇರಬೇಕೆಂಬವರಿಗೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆಂಬವರಿಗೆ ಎರಡೆಲೆ. (ನಮ್ಮ ಮೈಸೂರು ರಾಜ್ಯಕ್ಕೆ ಸೇರುವ ಆಯ್ಕೆ ಚೀಟಿಯಲ್ಲಿರಲಿಲ್ಲ.) ವಿಲೀನದ ಪರವಾಗಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಅವರ ಸರ್ಕಾರ ಮತದಾನಕ್ಕೆ ಮೊದಲೇ ರಾಜೀನಾಮೆ ಕೊಟ್ಟಿತು. 1967ರ ಜನವರಿ 16ರಂದು ಎರಡೆಲೆಗೆ 1,72,191 ಮತ, ಹೂವಿಗೆ 1,38,170.

ಸ್ವಾರಸ್ಯವಿರುವುದು ಆಮೇಲೆ. ಅದೇ ಮಾರ್ಚ್‌ನಲ್ಲಿ ವಿಧಾನಸಭಾ ಚುನಾವಣೆ ನಡೆದಾಗ ಗೋವಾದವರು ಬಾಂದೋಡಕರ್ ಅವರ ಪಕ್ಷವನ್ನೇ ಮತ್ತೆ ಗೆಲ್ಲಿಸಿದರು. ವಿಲೀನ ಬೇಡ, ಆದರೆ ಹಳ್ಳಿಗೆ ಶಾಲೆ ತಂದವರು ಬೇಕು! ಎರಡೂ ಮತದಾನ ಒಂದೇ ದಿನ ಇದ್ದಿದ್ದರೆ ಈ ಎರಡು ಮಾತನ್ನು ಅಷ್ಟು ಬಿಡಿಬಿಡಿಯಾಗಿ ಹೇಳಲು ಸಾಧ್ಯವಾಗುತ್ತಿತ್ತೇ? ನನಗೆ ಅನುಮಾನ. ಇಷ್ಟದ ನಾಯಕನ ಗುರುತಿಗೆ ಒತ್ತಿದ ಕೈ ಪಕ್ಕದ ಚೀಟಿಯಲ್ಲೂ ಅವನ ಮಾತನ್ನೇ ಒತ್ತುತ್ತದೆ.

ಬೆಳಗಾವಿಯಲ್ಲಿ ನಾವು ಕಂಡದ್ದು ಅದಕ್ಕಿಂತ ಕೆಟ್ಟದ್ದು: ಪ್ರಶ್ನೆ ಎರಡು, ಚೀಟಿ ಒಂದೇ. ದಶಕಗಳ ಕಾಲ ಇಲ್ಲಿ ಪ್ರತಿ ಚುನಾವಣೆಯೂ ಗಡಿಯ ಜನಮತಗಣನೆ ಎಂದೇ ನಡೆಯಿತು. ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಗೆದ್ದರೆ ‘ನೋಡಿ, ಜನರ ತೀರ್ಪು’ ಎನ್ನುತ್ತಿದ್ದರು, ಸೋತರೆ ಕನ್ನಡದವರು ಅದನ್ನೇ ಹೇಳುತ್ತಿದ್ದರು. ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಪ್ರಚಾರಕ್ಕೆ ಬಂದವನನ್ನು ಕೇಳಿದರೆ, ಮನೆಮಾತು ಯಾವುದು ಎಂದು ತಿರುಗಿ ನಮ್ಮನ್ನೇ ಅಳೆಯುತ್ತಿದ್ದ. ಮರಾಠಿ ಮಾತನಾಡುವ ಪಕ್ಕದ ಮನೆಯವರಿಗೂ ಇದೇ ಪಾಡು. ಚರಂಡಿ ಇಬ್ಬರ ಬಾಗಿಲಲ್ಲೂ ಉಕ್ಕುತ್ತಿತ್ತು.

2021ರ ಮಹಾನಗರ ಪಾಲಿಕೆ ಚುನಾವಣೆಯಲ್ಲಿ ರಾಷ್ಟ್ರೀಯ ಪಕ್ಷಗಳು ತಮ್ಮ ಚಿಹ್ನೆಯ ಮೇಲೆ ಇಳಿದವು. 58 ವಾರ್ಡುಗಳಲ್ಲಿ 35 ಬಿಜೆಪಿಗೆ ಹೋದವು. ಅದರಿಂದ ಗಡಿ ವಿವಾದ ಬಗೆಹರಿಯಿತೆಂದು ತಿಳಿಯಬೇಡಿ. ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ, ನವೆಂಬರ್ 1ರಂದು ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಸಮಿತಿಯವರ ಕರಾಳ ದಿನ. ಆದರೆ ಈಗ ಒಂದೇ ಪಕ್ಷದ ಟಿಕೆಟಿಗೆ ಕನ್ನಡಿಗನೂ ಮರಾಠಿಗನೂ ಕಾದು ಕೂರುತ್ತಾರೆ, ಗೆದ್ದವನನ್ನು ನೀರಿನ ವಿಷಯಕ್ಕೆ ಬೈಯಲು ನಮಗೆ ಅಡ್ಡಿಯಿಲ್ಲ.