ನಿಮ್ಮ ಲೇಖನದ ಜೀವ ಮೂರನೇ ಪುಟದಲ್ಲಿದೆ

ನಮಸ್ಕಾರ,

ನೀವು ಕಳಿಸಿದ ‘ಜೀವಕೋಶದ ಕಸದ ಬುಟ್ಟಿ ಮತ್ತು ಇಮ್ಯೂನಿಟಿ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಎರಡು ಪುಟ ಬರೀ ಯುದ್ಧ. ಸೈನಿಕರು, ಕೋಟೆ, ಶತ್ರು. ಇದನ್ನು ಎಲ್ಲರೂ ಶಾಲೆಯಲ್ಲೇ ಓದಿದ್ದಾರೆ, ತೆಗೆದುಬಿಡಿ. ಮೂರನೇ ಪುಟದಲ್ಲಿ ‘ಐ-ಕಪ್ಪಾ-ಬಿ ನಾಶವಾದಾಗ ಎನ್‌ಎಫ್-ಕಪ್ಪಾ-ಬಿ ಬಿಡುಗಡೆಯಾಗುತ್ತದೆ’ ಎಂದು ಈ ಎರಡು ಪ್ರೋಟೀನ್‌ಗಳ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಕಥೆ ಇರುವುದೇ ಅಲ್ಲಿ ಅಲ್ವಾ!

ಅಲ್ಲಿ ನಿಲ್ಲಿ. ಬ್ಯಾಕ್ಟೀರಿಯಾ ಬರುವ ಮುಂಚೆಯೇ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶದಲ್ಲಿ, ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ತಯಾರಾಗಿ ಕೂತಿರುತ್ತದೆ. ಐ-ಕಪ್ಪಾ-ಬಿ ಅದನ್ನು ಹಿಡಿದುಕೊಂಡಿರುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಐಕೆಕೆ ಎಂಬ ಕಿಣ್ವ ಐ-ಕಪ್ಪಾ-ಬಿಯ 32 ಮತ್ತು 36ನೇ ಜಾಗದ ಸೆರೀನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಬೀಟಾ-ಟಿಆರ್‌ಸಿಪಿ ಎಂಬ ಪ್ರೋಟೀನ್ ಆ ಗುರುತು ಹಿಡಿದು ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್‌ನ ಸರಪಳಿಯನ್ನು ಅದಕ್ಕೆ ಕಟ್ಟಿಸುತ್ತದೆ. ನೀವು ಕಸದ ಬುಟ್ಟಿ ಎಂದ ಪ್ರೋಟಿಯಸೋಮ್, ಅಂದರೆ ಪ್ರೋಟೀನ್ ಕತ್ತರಿಸುವ ಯಂತ್ರ, ಐ-ಕಪ್ಪಾ-ಬಿಯನ್ನು ಚೂರು ಮಾಡುತ್ತದೆ. ಎಲ್ಲ ಕೆಲವೇ ನಿಮಿಷದ ಕೆಲಸ. ಹೊಸ ಪ್ರೋಟೀನ್ ಮಾಡುತ್ತಾ ಕೂರಬೇಕಿಲ್ಲ, ಇರುವುದೊಂದನ್ನು ಮುರಿದರೆ ಸಾಕು. ಇದನ್ನು ಕಸ ಗುಡಿಸುವ ಕೆಲಸ ಅಂದರೆ ಓದುಗರು ದಾರಿ ತಪ್ಪುತ್ತಾರೆ. ಇಲ್ಲಿ ಮುರಿಯುವುದೇ ಸಂಕೇತ.

ಮುಂದಿನದು ಇನ್ನೂ ಚೆನ್ನಾಗಿದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ನ್ಯೂಕ್ಲಿಯಸ್‌ಗೆ ಹೋಗಿ ಉರಿಯೂತದ ಜೀನ್‌ಗಳ ಜೊತೆಗೆ ಐ-ಕಪ್ಪಾ-ಬಿಯ ಜೀನನ್ನೂ ಚಾಲೂ ಮಾಡುತ್ತದೆ. ತನ್ನನ್ನು ಕಟ್ಟಿಹಾಕುವವನನ್ನು ತಾನೇ ಕರೆಸಿಕೊಳ್ಳುತ್ತದೆ! ಪ್ರೋಟೀನನ್ನು ಗೆರೆಯಂಥ ಪಟ್ಟಿಯಾಗಿ ತೋರಿಸುವ ಬ್ಲಾಟ್ ಪರೀಕ್ಷೆಯಲ್ಲಿ ಐ-ಕಪ್ಪಾ-ಬಿಯ ಪಟ್ಟಿ ಹದಿನೈದು ನಿಮಿಷಕ್ಕೆ ಮಾಯವಾಗಿ, ಗಂಟೆಯ ಹೊತ್ತಿಗೆ ವಾಪಸ್ ಬಂದದ್ದನ್ನು ನೋಡಿ ರೋಮಾಂಚನವಾಯಿತು ಅಂತ ಜೊತೆಗಿದ್ದ ಪತ್ರದಲ್ಲಿ ಬರೆದಿದ್ದೀರಿ. ಅದು ಲೇಖನದಲ್ಲಿ ಯಾಕಿಲ್ಲ? ಅಲ್ಲಿಂದಲೇ ಶುರು ಮಾಡಿ.

ಒಂದು ತಪ್ಪು ತಿದ್ದಲೇಬೇಕು. ‘ಯುಬಿಕ್ವಿಟಿನ್ ಅಂಟಿದರೆ ಪ್ರೋಟೀನ್‌ಗೆ ಸಾವು ಖಚಿತ’ ಎಂದಿದ್ದೀರಿ. ಹಾಗಲ್ಲ. ಯುಬಿಕ್ವಿಟಿನ್‌ನ 48ನೇ ಜಾಗದ ಲೈಸೀನ್ ಎಂಬ ಅಮೈನೋ ಆಮ್ಲದ ಮೂಲಕ ಬೆಳೆದ ಸರಪಳಿ ಸಾಮಾನ್ಯವಾಗಿ ಪ್ರೋಟಿಯಸೋಮ್‌ಗೆ ಕಳಿಸುತ್ತದೆ, ನಿಜ. ಆದರೆ 63ನೇ ಲೈಸೀನ್‌ನ ಸರಪಳಿ ಸಾಮಾನ್ಯವಾಗಿ ಯಾರನ್ನೂ ಕೊಲ್ಲುವುದಿಲ್ಲ. ಬೇರೆ ಪ್ರೋಟೀನ್‌ಗಳನ್ನು ಒಂದೆಡೆ ಸೇರಿಸುತ್ತದೆ. ಐಕೆಕೆ ಚುರುಕಾಗುವುದರಲ್ಲೂ ಅದರ ಪಾತ್ರವಿದೆ.

ನಾಲ್ಕನೇ ಪುಟದ ಪ್ರೋಟೀನ್ ಹೆಸರುಗಳ ಸಾಲು ಸುಮ್ನೆ ಭಾರ. ಎ20 ಒಂದನ್ನು ಉಳಿಸಿಕೊಳ್ಳಿ. ಸಂಕೇತವನ್ನು ತಗ್ಗಿಸುವ ಇದು ಇಲ್ಲದ ಇಲಿಗಳು ತೀವ್ರ ಉರಿಯೂತದಿಂದ ಬೇಗ ಸಾಯುತ್ತವೆ ಎಂದು 2000ದಲ್ಲಿ ಗೊತ್ತಾಯಿತು. ಈ ಜೀನಿನ ಒಂದು ಪ್ರತಿ ಕೆಟ್ಟರೂ ಮನುಷ್ಯರಲ್ಲಿ ಚಿಕ್ಕ ವಯಸ್ಸಿನಿಂದಲೇ ಬಾಯಿಹುಣ್ಣು, ಉರಿಯೂತ ಕಾಡಬಹುದು ಎಂದು 2016ರಲ್ಲಿ ವರದಿಯಾಯಿತು. ಇದನ್ನು ಓದಿದವರಿಗೆ ನಿಮ್ಮ ಕೊನೆಯ ಪ್ಯಾರಾದ ‘ಕಷಾಯ ಕುಡಿದು ಇಮ್ಯೂನಿಟಿ ಜಾಸ್ತಿ ಮಾಡಿಕೊಳ್ಳಿ’ ಎಂಬ ಮಾತು ಒಪ್ಪಿಗೆಯಾಗುವುದಿಲ್ಲ. ನನಗಂತೂ ಆಗಲಿಲ್ಲ.

ಆ ಜಾಗದಲ್ಲಿ ವ್ಯಾಕ್ಸೀನಿಯಾ ವೈರಸ್ಸಿನ ಎ49 ಪ್ರೋಟೀನ್ ಬಗ್ಗೆ ಬರೆಯಿರಿ. ಅದು ಐ-ಕಪ್ಪಾ-ಬಿಯ ಗುರುತನ್ನೇ ನಕಲು ಮಾಡಿ ಬೀಟಾ-ಟಿಆರ್‌ಸಿಪಿಯನ್ನು ಹಿಡಿದುಕೊಳ್ಳುತ್ತದೆ. ಐ-ಕಪ್ಪಾ-ಬಿ ಮುರಿಯುವುದಿಲ್ಲ, ಕೋಶ ಎಚ್ಚರಗೊಳ್ಳುವುದಿಲ್ಲ. ಇಷ್ಟು ಸಣ್ಣ ವೈರಸ್ಸಿಗೆ ಎಲ್ಲಿ ಕೈ ಹಾಕಬೇಕೆಂದು ಸರಿಯಾಗಿ ಗೊತ್ತು.

ಸಾವಿರ ಪದ ಸಾಕು. ನಿಮ್ಮ ಗೈಡ್ ಒಪ್ಪಿದರೆ ಬ್ಲಾಟ್‌ನ ಫೋಟೊ ಕೂಡ ಕಳಿಸಿ, ಲೇಖನದ ಜೊತೆ ಹಾಕೋಣ.