ಹಳೇ ಕಾರಿನ ಸ್ಪೀಕರ್ ಒಮ್ಮೆ ಬರುತ್ತೆ, ಒಮ್ಮೆ ಹೋಗುತ್ತೆ. ಸ್ಟೀರಿಯೊ ಸೆಟ್ ಬದಲಿಸಬೇಕಾ?

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ. 2009ರ ಗಾಡಿ. ಎಡಗಡೆ ಮುಂದಿನ ಬಾಗಿಲಿನ ಸ್ಪೀಕರ್ ರಸ್ತೆಯಲ್ಲಿ ಗುಂಡಿ ಸಿಕ್ಕಾಗ ನಿಂತುಹೋಗುತ್ತೆ, ಬಾಗಿಲು ಜೋರಾಗಿ ಹಾಕಿದರೆ ಮತ್ತೆ ಶುರುವಾಗುತ್ತೆ. ಈಗೀಗ ನಾಲ್ಕೂ ಸ್ಪೀಕರ್ ಒಟ್ಟಿಗೆ ಬಂದ್ ಆಗುತ್ತಿವೆ, ಆದರೆ ಸೆಟ್‌ನ ಲೈಟ್ ಮಾತ್ರ ಉರಿಯುತ್ತಲೇ ಇರುತ್ತೆ. ಅಂಗಡಿಯವರು ಹೊಸ ಸೆಟ್ ಹಾಕಿಸಿ ಅಂದಿದ್ದಾರೆ.

ಹಾಕಿಸಬೇಡಿ. ಅಂದ್ರೆ, ಈಗಲೇ ಬೇಡ.

ನಾನೂ ಕಲಬುರಗಿಯವನೇ. ನನ್ನದು 2008ರ ಗಾಡಿ, ಕೆಎ 32, ಆರ್‌ಸಿಯಲ್ಲಿ ಇನ್ನೂ ಗುಲ್ಬರ್ಗಾ ಅಂತಲೇ ಇದೆ. ಇದೇ ಕಾಯಿಲೆ ಅದಕ್ಕೂ ಬಂದಿತ್ತು. ಮೊದಲು ಮುಂದಿನ ಎರಡೂ ಸ್ಪೀಕರ್ ಬದಲಿಸಿದೆ. ಎರಡು ವಾರ ಚೆನ್ನಾಗಿತ್ತು, ಆಮೇಲೆ ಅದೇ ಕಥೆ. ಮಿಸ್ತ್ರಿ "ಸೆಟ್ ಹೋಗ್ಯಾದ್ರಿ" ಅಂದ. ಸರಿ ಅಂತ ಸೆಟ್ಟೂ ಹಾಕಿಸಿದೆ. ಮೂರನೇ ದಿನ ಜೇವರ್ಗಿ ರೋಡಿನಲ್ಲಿ ಒಂದು ಹಂಪ್ ದಾಟಿದ್ದೇ ತಡ, ಎಡಗಡೆ ಮತ್ತೆ ಮೂಕ. ಹಿಂದೆ ಕೂತಿದ್ದ ನಮ್ಮವ್ವ "ಹೊಸಾದೂ ಹಂಗೇ ಅದಲ್ಲೋ ತಮ್ಮಾ" ಅಂದಳು. ಬಿಚ್ಚಿದ ಹಳೇ ಸೆಟ್ ಈಗ ಹೊಲದ ಮನೆಯಲ್ಲಿ ಒಂದು 12 ವೋಲ್ಟ್ ಬ್ಯಾಟರಿ ಮೇಲೆ ಹಾಡಿಕೊಂಡಿದೆ. ಅದಕ್ಕೆ ಏನೂ ಆಗಿರಲಿಲ್ಲ.

ಆಗಿದ್ದು ವೈರ್‌ಗೆ. ಮುಂದಿನ ಬಾಗಿಲು ಪೂರ್ತಿ ತೆಗೆದು ಬಿಜಾಗರಿ ಇರುವ ಕಡೆ ನೋಡಿ. ಬಾಡಿಯಿಂದ ಬಾಗಿಲಿಗೆ ಒಂದು ಕಪ್ಪು ರಬ್ಬರ್ ಕೊಳವೆ ಹೋಗಿರುತ್ತೆ. ಸ್ಪೀಕರ್‌ದು, ಪವರ್ ವಿಂಡೋದು, ಲಾಕ್‌ದು ಎಲ್ಲ ವೈರ್ ಅದರೊಳಗೇ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಆ ವೈರ್‌ಗಳು ಒಂದೇ ಜಾಗದಲ್ಲಿ ಮಡಚುತ್ತವೆ. ದಿನಕ್ಕೆ ಹತ್ತು ಸಲ ಅಂದುಕೊಂಡರೂ ಹದಿನೈದು ವರ್ಷಕ್ಕೆ 50 ಸಾವಿರ ಸಲ ದಾಟುತ್ತೆ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತೆ. ಹೊರಗಿಂದ ನೋಡಿದರೆ ವೈರ್ ಸರಿಯಾಗೇ ಕಾಣುತ್ತೆ. ಬಾಗಿಲು ಒಂದು ಕೋನದಲ್ಲಿದ್ದಾಗ ತುದಿಗಳು ತಾಗಿ ಹಾಡು ಬರುತ್ತೆ, ಅಲುಗಿದರೆ ಹೋಗುತ್ತೆ. ಇನ್ನೂ ಕೆಲವು ವರ್ಷ ಹೋದರೆ ಪ್ಲಾಸ್ಟಿಕ್ಕೂ ಸೀಳುತ್ತೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ರಬ್ಬರ್ ಕೂಡ ಒಣಗಿ ಬಿರುಕು ಬಿಡುತ್ತೆ ಅಲ್ವಾ, ಇನ್ನು ವೈರ್‌ದೇನು ಲೆಕ್ಕ.

ನಾಲ್ಕೂ ಒಟ್ಟಿಗೆ ನಿಲ್ಲೋದು ಬೇರೆ ಕಾಯಿಲೆ ಅಂತ ನಾನೂ ಅಂದುಕೊಂಡಿದ್ದೆ. ಬೇರೆ ಇರಲಿಲ್ಲ. ಈಗಿನ ಸೆಟ್‌ಗಳಲ್ಲಿ ಸ್ಪೀಕರ್‌ಗೆ ಹೋಗುವ ಎರಡೂ ವೈರ್‌ನಲ್ಲಿ ಕರೆಂಟ್ ಇರುತ್ತೆ. ಒಂದಕ್ಕೆ ಮೈನಸ್ ಅಂತ ಕರೆದರೂ ಅದು ಗಾಡಿಯ ತಗಡಿಗೆ ಸೇರಿದ ಅರ್ಥ್ ಅಲ್ಲ. ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಸುಮಾರು 6 ವೋಲ್ಟ್ ನಿಂತಿರುತ್ತೆ. ಸೀಳಿದ ವೈರ್ ಬಾಗಿಲಿನ ತಗಡಿಗೆ ಒಂದು ಕ್ಷಣ ತಾಗಿದರೂ ಸೆಟ್ ಒಳಗಿನ ಆಂಪ್ಲಿಫೈಯರ್ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗುತ್ತೆ. ಹಲವು ಸೆಟ್‌ಗಳಲ್ಲಿ ಒಂದು ಲೈನ್‌ನ ತಪ್ಪಿಗೆ ನಾಲ್ಕೂ ಸ್ಪೀಕರ್ ಸುಮ್ಮನಾಗುತ್ತವೆ. ಕೆಲವು ಪರದೆಯ ಮೇಲೆ ಪ್ರೊಟೆಕ್ಟ್ ಅಂತ ತೋರಿಸುತ್ತವೆ, ಕೆಲವು ಅದನ್ನೂ ತೋರಿಸಲ್ಲ.

ಹಾಗಾಗಿ ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ ಮೊದಲು ಮಾಡಿ. ಬ್ಯಾಟರಿಯ ಮೈನಸ್ ಬಿಚ್ಚಿ, ಸೆಟ್ ಹೊರಗೆ ಎಳೆಯಿರಿ. (ಸೆಟ್ ಗಾಡಿಯ ಜೊತೆಗೇ ಬಂದ ಕಂಪನಿಯದಾಗಿದ್ದರೆ ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೇಳಬಹುದು. ಅದು ಕೈಯಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ.) ಹೊರಗೆ ಕೊಂಡ ಸೆಟ್ ಆಗಿದ್ದರೆ ಸಾಮಾನ್ಯವಾಗಿ ಬಿಳಿ ಜೋಡಿ ಎಡ ಮುಂದಿನ ಸ್ಪೀಕರ್‌ಗೆ, ಬೂದು ಬಲ ಮುಂದಕ್ಕೆ, ಹಸಿರು ಎಡ ಹಿಂದಕ್ಕೆ, ನೇರಳೆ ಬಲ ಹಿಂದಕ್ಕೆ. ಕಪ್ಪು ಗೆರೆ ಇದ್ದದ್ದು ಮೈನಸ್. ಬಿಳಿ ಜೋಡಿಯ ಎರಡೂ ವೈರ್ ಬಿಚ್ಚಿ, ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಉಳಿದದ್ದೆಲ್ಲ ಮತ್ತೆ ಜೋಡಿಸಿ. ಎರಡು ದಿನ ಸುಮ್ನೆ ಗಾಡಿ ಓಡಿಸಿ. ಒಂದು ಸಲ ಸೇಡಂ ಕಡೆ ಹೋಗಿ ಬನ್ನಿ, ಚೆನ್ನಾಗಿ ಕುಲುಕಲಿ.

ಉಳಿದ ಮೂರು ಒಂದು ಸಲವೂ ನಿಲ್ಲದೆ ಹಾಡಿದರೆ ಸೆಟ್ ಬಹುತೇಕ ಬಚಾವ್. ಕಳ್ಳ ಆ ಎಡಗಡೆ ಲೈನ್‌ನಲ್ಲೇ ಇದ್ದಾನೆ. ಮೂರೂ ಮತ್ತೆ ನಿಂತರೆ ಆಗ ಸೆಟ್‌ನ ಹಿಂದಿನ ಕಪ್ಪು ಅರ್ಥ್ ವೈರ್, ಹಳದಿ ಮತ್ತು ಕೆಂಪು ಪವರ್ ವೈರ್ ನೋಡಿ. ನಮ್ಮಲ್ಲಿ ಇವನ್ನು ತಿರುಚಿ ಟೇಪ್ ಸುತ್ತಿ ಬಿಡುವುದೇ ಜಾಸ್ತಿ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತೆ.

ಮಧ್ಯಾಹ್ನವೇ ನಿಲ್ಲುತ್ತೆ ಅಂತಲೂ ಬರೆದಿದ್ದೀರಿ. ಗುಂಡಿಗೂ ಬಾಗಿಲಿಗೂ ಸಂಬಂಧವಿಲ್ಲದೆ, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಜೋರಾಗಿ ಹಾಡು ಹಾಕಿದ ಸ್ವಲ್ಪ ಹೊತ್ತಿಗೆ ನಿಂತು, ಎಸಿ ಹಾಕಿ ತಣ್ಣಗಾದ ಮೇಲೆ ತಾನೇ ಬಂದರೆ, ಅದು ಸೆಟ್ ಕಾದು ನಿಂತದ್ದು. ಇಲ್ಲವೇ ಒಳಗಿನ ಬೆಸುಗೆ ಬಿರುಕು ಬಿಟ್ಟಿದೆ. ಸೆಟ್ ರಿಪೇರಿಯವರ ಹತ್ತಿರ ಒಯ್ಯಬೇಕಾದದ್ದು ಆಗ ಮಾತ್ರ. ಅಂದಹಾಗೆ ಡಬ್ಬಿಯ ಮೇಲೆ 50 ವ್ಯಾಟ್ ಇಂಟು ನಾಲ್ಕು ಅಂತ ಬರೆದಿರುವುದನ್ನು ನಂಬಬೇಡಿ. ಅಂಥ ಸೆಟ್‌ಗಳು ನಿಜಕ್ಕೂ ಎಡೆಬಿಡದೆ ಕೊಡುವುದು ಒಂದೊಂದು ಸ್ಪೀಕರ್‌ಗೆ 20 ವ್ಯಾಟ್ ಆಸುಪಾಸು.

ಇನ್ನೊಂದು, ಆಕಾಶವಾಣಿ ಹಾಕಿದಾಗ ಮಾತ್ರ ಗರಗರ ಬಂದು, ಪೆನ್‌ಡ್ರೈವ್ ಹಾಡು ಸರಿಯಾಗಿ ಬಂದರೆ ಸ್ಪೀಕರ್ ತಂಟೆಗೇ ಹೋಗಬೇಡಿ. ಅದು ಆಂಟೆನಾ.

ಈಗ ಎಡಗಡೆ ಲೈನ್‌ಗೆ ಬರೋಣ. ಬಾಗಿಲಿನ ಒಳಗಿನ ಹಲಗೆ ಬಿಚ್ಚಿ ಸ್ಪೀಕರ್‌ನ ಎರಡು ಕಾಲು (ವೈರ್ ಸಿಕ್ಕಿಸುವ ತಗಡಿನ ಪಟ್ಟಿ) ಸಿಗುವಂತೆ ಮಾಡಿ, ಅದರ ಸಾಕೆಟ್ ಕಳಚಿ. 1.5 ವೋಲ್ಟ್‌ನ ಪೆನ್ಸಿಲ್ ಸೆಲ್‌ಗೆ ಎರಡು ವೈರ್ ಹಿಡಿದು ಸ್ಪೀಕರ್ ಕಾಲಿಗೆ ತಾಗಿಸಿ ತೆಗೆಯಿರಿ. ಟಪ್ ಅನ್ನಬೇಕು. ಗಾಡಿಯ ಬ್ಯಾಟರಿಯಿಂದ ಈ ಆಟ ಬೇಡ, ಕಾಯಿಲ್ ಸುಟ್ಟುಹೋಗಬಹುದು. ಮಲ್ಟಿಮೀಟರ್ ಇದ್ದರೆ 4 ಓಮ್ ಸ್ಪೀಕರ್ ಮೂರರಿಂದ ನಾಲ್ಕರ ಒಳಗೆ ತೋರಿಸುತ್ತೆ. ಮೀಟರ್ ಹಚ್ಚಿಕೊಂಡೇ ಸ್ಪೀಕರ್‌ನ ಕಾಗದವನ್ನು ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒಳಗೆ ಒತ್ತಿ ಬಿಡಿ. ಮೀಟರಿನ ಅಂಕಿ ಕುಣಿದರೆ ಕಾಲಿನಿಂದ ಕಾಗದಕ್ಕೆ ಹೋಗುವ ಆ ಜಡೆಯಂಥ ಮೆತ್ತನೆ ವೈರ್ ತುಂಡಾಗಿದೆ ಅಂತ ಲೆಕ್ಕ. ಸ್ಪೀಕರ್ ಬದಲಿಸಿ.

ಸ್ಪೀಕರ್ ಸರಿ ಇದ್ದರೆ, ಸೆಟ್‌ನಿಂದ ಬಿಚ್ಚಿದ ವೈರ್‌ನ ತುದಿಗೆ ಮೀಟರ್‌ನ ಒಂದು ಕಡ್ಡಿ, ಬಾಗಿಲ ಕಡೆ ತುದಿಗೆ ಇನ್ನೊಂದು. ಮೀಟರನ್ನು ಬೀಪ್ ಕೊಡುವ ಗುರುತಿಗೆ ಇಟ್ಟು, ಯಾರಿಗಾದರೂ ಬಾಗಿಲನ್ನು ನಿಧಾನಕ್ಕೆ ತೆಗೆದು ಹಾಕಲು ಹೇಳಿ. ನನ್ನ ಮಗಳು ಬಾಗಿಲು ಹಿಡಿದಿದ್ದಳು. ಅರ್ಧ ತೆಗೆದಾಗ ಬೀಪ್ ನಿಂತಿತು, ಪೂರ್ತಿ ತೆಗೆದಾಗ ಬಂತು. ಎರಡು ಜೋಡಿ ಸ್ಪೀಕರ್ ಮತ್ತು ಒಂದು ಸೆಟ್‌ನ ದುಡ್ಡು ಕಣ್ಣ ಮುಂದೆ ಬಂದು ಹೋಯಿತು. (ಎರಡನೇ ಜೋಡಿಯ ಕಥೆ ಬಿಡಿ.) ಆಮೇಲೆ ಒಂದು ಕಡ್ಡಿಯನ್ನು ಗಾಡಿಯ ಬಾಡಿಗೆ ಹಿಡಿದು, ಮತ್ತೆ ಬಾಗಿಲು ಆಡಿಸಿ. ಈಗ ಬೀಪ್ ಬರಬಾರದು. ಬಂದರೆ ವೈರ್ ತಗಡಿಗೆ ತಾಗುತ್ತಿದೆ.

ಮೀಟರ್ ಇಲ್ಲದವರು ಸೆಟ್‌ನಿಂದ ಸ್ಪೀಕರ್‌ವರೆಗೆ ಒಂದು ಜೋಡಿ ವೈರ್ ಕಿಟಕಿಯಿಂದ ಹೊರಗೇ ಎಳೆದು ಎರಡು ದಿನ ನೋಡಬಹುದು. ನೋಡಲು ಚೆಂದ ಇರಲ್ಲ, ಆದರೆ ಸತ್ಯ ಗೊತ್ತಾಗುತ್ತೆ.

ರಿಪೇರಿ ಮಾಡುವಾಗ ರಬ್ಬರ್ ಒಳಗೇ ಜೋಡಣೆ ಮಾಡಬೇಡಿ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತೆ, ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಎಳೆ ಜಾಸ್ತಿ ಇರುವ ಮೆತ್ತನೆ ವೈರ್ ತಂದು ಕೊಳವೆಯ ಉದ್ದಕ್ಕೂ ಹೊಸದು ಹಾಕಿ. ಜೋಡಣೆ ಒಂದು ಡ್ಯಾಶ್‌ಬೋರ್ಡ್ ಒಳಗೆ, ಒಂದು ಬಾಗಿಲಿನ ಒಳಗೆ ಬರಲಿ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ. ಬಾಗಿಲು ಪೂರ್ತಿ ತೆಗೆದಾಗ ವೈರ್ ಬಿಗಿಯಾಗಬಾರದು.

ಬಾಗಿಲಿನೊಳಗೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತೆ, ಸ್ಪೀಕರ್ ಕೂರಿಸುವವರು ಅದನ್ನು ಹರಿದು ಬಿಸಾಕಿರುತ್ತಾರೆ. ಕಿಟಕಿಯ ಸಂದಿಯಿಂದ ಇಳಿಯುವ ಮಳೆ ನೀರು ಆ ಹಾಳೆ ಇಲ್ಲದಿದ್ದರೆ ಸ್ಪೀಕರ್ ಮೇಲೇ ಬೀಳುತ್ತೆ, ಕಾಲುಗಳು ಹಸಿರುಗಟ್ಟುತ್ತವೆ. ನಾನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಚೆನ್ನಾಗಿ ತೊಳೆದು ಕತ್ತರಿಸಿ ಅಂಟಿಸಿದ್ದೇನೆ. ಎರಡು ಮಳೆಗಾಲ ಕಳೆದಿದೆ, ಇನ್ನೂ ಹಾಗೇ ಇದೆ.