ಉದ್ದಿಮೆ ಮೊದಲೋ, ನಲ್ಲಿಯ ನೀರು ಮೊದಲೋ?

ಪ್ರಶ್ನೆ: ಹುಬ್ಬಳ್ಳಿ-ಧಾರವಾಡದಲ್ಲಿ ಓದಿ ಬೆಳೆದ ಮಕ್ಕಳು ಕೆಲಸಕ್ಕಾಗಿ ಬೆಂಗಳೂರು, ಪುಣೆಯ ದಾರಿ ಹಿಡಿಯುತ್ತಿದ್ದಾರೆ. ಹೀಗಿರುವಾಗ ಮಹಾನಗರ ಪಾಲಿಕೆಯು ಉದ್ಯಾನ, ಪಾದಚಾರಿ ಮಾರ್ಗಗಳಿಗೆ ಹಣ ಹಾಕುವ ಬದಲು ಮೊದಲು ಉದ್ದಿಮೆಗಳನ್ನು ಕರೆತರುವ ಯೋಜನೆ ಮಾಡಬಾರದೇ? ಜನಜೀವನದ ಅನುಕೂಲಗಳನ್ನು ಆಮೇಲೆ ನೋಡಿಕೊಳ್ಳಬಹುದಲ್ಲವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಕಳಕಳಿ ನ್ಯಾಯವಾದದ್ದು. ಆದರೆ ಉದ್ದಿಮೆ ತರುವ ವಿಷಯದಲ್ಲಿ ಯಾರ ಕೈಯಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ. ಕಾರ್ಖಾನೆಗೆ ಜಮೀನು ಹಂಚುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ವಿದ್ಯುತ್ ಕೊಡುವುದು ಹೆಸ್ಕಾಂ, ನಗರದ ಮಹಾಯೋಜನೆ ಸಿದ್ಧಪಡಿಸುವುದು ನಗರಾಭಿವೃದ್ಧಿ ಪ್ರಾಧಿಕಾರ, ರಿಯಾಯಿತಿಗಳನ್ನು ಘೋಷಿಸುವುದು ರಾಜ್ಯ ಸರ್ಕಾರ. 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದ್ದು, ಅದರಲ್ಲಿ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆಯೂ ಸೇರಿದೆ. ಆದರೂ ಪಾಲಿಕೆಯ ಕೈಗೆ ನಿಜವಾಗಿ ಸಿಕ್ಕಿರುವುದು ಒಳರಸ್ತೆ, ಚರಂಡಿ, ಕಸ, ಬೀದಿದೀಪಗಳಂಥ ಕೆಲಸಗಳೇ. ನನ್ನ ದೃಷ್ಟಿಯಲ್ಲಿ ಪಾಲಿಕೆಯ ಉದ್ದಿಮೆ ನೀತಿ ಎಂದರೆ ಇವೇ. ನೀವು ಬೇರೆಬೇರೆಯಾಗಿ ಎಣಿಸಿದ ಎರಡು ಪಟ್ಟಿಗಳು ಒಂದೇ ಪಟ್ಟಿ.

ನೀರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ನಮ್ಮ ಓಣಿಗಳಲ್ಲಿ ಹೆಣ್ಣುಮಕ್ಕಳು ನಡೆಸುವ ರೊಟ್ಟಿ ಕೇಂದ್ರಗಳನ್ನು ನೀವು ಬಲ್ಲಿರಿ. ದಿನ ಬಿಟ್ಟು ದಿನ, ಕೆಲವೊಮ್ಮೆ ವಾರಕ್ಕೊಮ್ಮೆ ನೀರು ಬರುವ ಕಡೆ, ವಾಲ್ವ್ ತೆರೆದ ಸುದ್ದಿ ಬಂದ ಕೂಡಲೇ ಹಿಟ್ಟು ನಾದುವ ಕೈ ನಿಲ್ಲುತ್ತದೆ, ಹಂಚು ಕೆಳಗಿಳಿಯುತ್ತದೆ, ಕೊಡ, ಬ್ಯಾರೆಲ್ಲು, ಪಾತ್ರೆ ಪಗಡಗಳನ್ನೆಲ್ಲ ತುಂಬಿಕೊಳ್ಳುವವರೆಗೆ ಒಂದು ರೊಟ್ಟಿಯೂ ಬೇಯುವುದಿಲ್ಲ. ಅಂದಿನ ಗಿರಾಕಿಗೆ ಒಪ್ಪಿಕೊಂಡ ರೊಟ್ಟಿಯ ಲೆಕ್ಕ ತಪ್ಪುತ್ತದೆ. ನೀರು ಸಾಲದಿದ್ದರೆ ಟ್ಯಾಂಕರಿಗೆ ಕೊಟ್ಟ ಹಣ ಆ ವಾರದ ಲಾಭವನ್ನು ನುಂಗುತ್ತದೆ. ಇದು ಜೀವನಮಟ್ಟದ ಪ್ರಶ್ನೆಯೋ, ದುಡಿಮೆಯ ಪ್ರಶ್ನೆಯೋ ಎಂದು ಆ ತಾಯಂದಿರನ್ನು ಕೇಳಿದರೆ ಅವರು ಏನೆಂದು ಹೇಳಿಯಾರು?

ಇದಕ್ಕೆ ದಾರಿ ಇದೆ ಎಂಬುದನ್ನು ಈ ಅವಳಿ ನಗರವೇ ತೋರಿಸಿದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಪ್ರದೇಶಗಳಲ್ಲಿ ಹಳೆಯ ಕೊಳವೆಗಳನ್ನು ಬದಲಿಸಿ, ಮನೆಮನೆಗೆ ಮೀಟರ್ ಕೂಡಿಸಿ, ದಿನದ 24 ಗಂಟೆಯೂ ನೀರು ಕೊಡಲಾಯಿತು. ಬಿಟ್ಟು ಬಿಟ್ಟು ನೀರು ಹರಿಸಿದಾಗ ಕೊಳವೆಯೊಳಗಿನ ಒತ್ತಡ ಇಳಿದು, ಸೋರುವ ಜೋಡಣೆಗಳ ಮೂಲಕ ಹೊರಗಿನ ಕೊಳೆನೀರು ಒಳಗೆ ಸೇರುತ್ತದೆ. ಒತ್ತಡ ಸದಾ ಇದ್ದರೆ ಹಾಗಾಗುವ ಸಂಭವ ಕಡಿಮೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲೇ ಎರಡೂ ಬಗೆಯ ಓಣಿಗಳ ನೀರನ್ನು ಪರೀಕ್ಷಿಸಿ, ನಿರಂತರ ಪೂರೈಕೆಯಿರುವ ಕಡೆ ನಲ್ಲಿಯ ನೀರಿನಲ್ಲಿ ಮಾಲಿನ್ಯ ಕಡಿಮೆಯಿರುವುದನ್ನು ಕಂಡರು. ಪ್ರಾಯೋಗಿಕ ಓಣಿಗಳ ಆಚೆಗೂ ಇದನ್ನು ವಿಸ್ತರಿಸುವ ಕೆಲಸ ವರ್ಷಗಟ್ಟಲೆ ಹಿಡಿದದ್ದು ನನಗೆ ತುಂಬ ನೋವಿನ ಸಂಗತಿ. ಊರಿನ ಅರ್ಥವ್ಯವಸ್ಥೆಗೆ ಇದಕ್ಕಿಂತ ದೊಡ್ಡ ಹೂಡಿಕೆ ಬೇರೊಂದು ನನಗೆ ಕಾಣದು.

ಪಾದಚಾರಿ ಮಾರ್ಗದ ವಿಷಯವೂ ಇದೇ. ಎರಡು ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದದ ಬಿಆರ್‌ಟಿಎಸ್ ಮಾರ್ಗದಲ್ಲಿ 2018ರ ಅಕ್ಟೋಬರ್‌ನಿಂದ ಚಿಗರಿ ಬಸ್ಸುಗಳು ಓಡುತ್ತಿವೆ. ಬಸ್ಸಿಗೆ ಪ್ರತ್ಯೇಕ ಪಥವಿರುವುದರಿಂದ ಪ್ರಯಾಣ ಬೇಗ ಮುಗಿಯುತ್ತದೆ, ನಿಜ. ಆದರೆ ಉಣಕಲ್ಲಿನಲ್ಲಿಯೋ ನವನಗರದಲ್ಲಿಯೋ ಸಂಜೆ ಪಾಳಿ ಮುಗಿಸಿ ಇಳಿದ ಹುಡುಗಿ ಮನೆ ಸೇರಬೇಕಾದದ್ದು ಒಳರಸ್ತೆಯಲ್ಲಿ ನಡೆದೇ. ಅಲ್ಲಿ ದೀಪವಿಲ್ಲದಿದ್ದರೆ, ಚರಂಡಿಯ ಹಾಸುಗಲ್ಲು ಕಿತ್ತುಹೋಗಿದ್ದರೆ, ಆಕೆಯ ಮನೆಯವರು ಆ ಕೆಲಸವನ್ನೇ ಬಿಡಿಸುತ್ತಾರೆ. ಆಗ ಮಾಲೀಕನಿಗೆ ಒಬ್ಬ ಕುಶಲ ಕೆಲಸಗಾರ್ತಿ ಕಡಿಮೆಯಾದಳು, ಊರಿಗೆ ಒಂದು ಸಂಬಳ ಕಡಿಮೆಯಾಯಿತು.

ಪ್ರಶ್ನೆ: ಪಾಲಿಕೆಯ ಬಜೆಟ್ ಸಾಮಾನ್ಯ ನಾಗರಿಕನಿಗೆ ಅರ್ಥವಾಗುವುದಿಲ್ಲ. ಅದರಲ್ಲಿ ನಾವು ಏನನ್ನು ನೋಡಬೇಕು?
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಎರಡು ಅಂಕಿಗಳನ್ನು ನೋಡಿದರೆ ಸಾಕು, ತಾಯಿ. ಮೊದಲನೆಯದು, ಒಟ್ಟು ಆದಾಯದಲ್ಲಿ ಆಸ್ತಿ ತೆರಿಗೆ, ನೀರಿನ ಕರ, ಬಾಡಿಗೆ ಮುಂತಾದ ಸ್ವಂತ ಗಳಿಕೆ ಎಷ್ಟು, ಸರ್ಕಾರದ ಅನುದಾನ ಎಷ್ಟು ಎಂಬುದು. ಅನುದಾನ ಸಾಮಾನ್ಯವಾಗಿ ಇಂಥದ್ದಕ್ಕೇ ಎಂಬ ಕಟ್ಟಳೆಯೊಡನೆ ಬರುವುದರಿಂದ, ಸ್ವಂತ ಗಳಿಕೆ ಕಡಿಮೆಯಿರುವ ಪಾಲಿಕೆಗೆ ತನ್ನ ಊರಿಗೆ ಬೇಕಾದದ್ದನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿ ಇರುವುದೂ ಈ ಗಳಿಕೆ ವರ್ಷದ ಆರಂಭದಲ್ಲೇ ಕೈಸೇರಲಿ ಎಂದೇ. ಎರಡನೆಯದು ನಿರ್ವಹಣೆಯ ಮೊತ್ತ. ಹೊಸ ಕಾಮಗಾರಿಗೆ ಶಂಕುಸ್ಥಾಪನೆಯ ಸಂಭ್ರಮ ಇರುತ್ತದೆ. ಹೂಳು ತೆಗೆಯುವುದಕ್ಕೆ, ಕೊಳವೆ ದುರಸ್ತಿಗೆ ಯಾರೂ ಪೂಜೆ ಮಾಡುವುದಿಲ್ಲ. ಕಟ್ಟಿದ್ದನ್ನು ಕಾಪಾಡಲು ಹಣವಿಡದ ಬಜೆಟ್ ಎಷ್ಟು ದೊಡ್ಡದಾದರೂ ನನಗೆ ಭರವಸೆ ಮೂಡಿಸುವುದಿಲ್ಲ. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆಗಳು ನಡೆಯುತ್ತವೆ. ದಯವಿಟ್ಟು ಆ ಸಭೆಗೆ ಹೋಗಿ, ಈ ಎರಡನ್ನು ಎದ್ದು ನಿಂತು ಕೇಳಿ.

ಪ್ರಶ್ನೆ: ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯಾದರೆ ಇದೆಲ್ಲ ಸರಿಹೋಗುವುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: 2025ರ ಜನವರಿಯಲ್ಲಿ ಸಚಿವ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಾಗ, 1962ರಿಂದ ಒಂದೇ ಪಾಲಿಕೆಯಲ್ಲಿ ಬಾಳಿದ ಎರಡು ಊರುಗಳು ಬೇರೆಯಾಗುವ ದಾರಿ ತೆರೆಯಿತು. ಕಚೇರಿ ಹತ್ತಿರವಾದರೆ ದೂರು ಬೇಗ ಮುಟ್ಟಬಹುದು, ಆ ಆಸೆ ಸಹಜ. ಆದರೆ ಮಲಪ್ರಭೆಯ ನೀರು ಎರಡೂ ಊರಿಗೆ ಬೇಕು, ಚಿಗರಿ ಎರಡೂ ಊರಿನಲ್ಲಿ ಓಡಬೇಕು, ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹುಬ್ಬಳ್ಳಿಯವರೂ ಹುಬ್ಬಳ್ಳಿಯ ತಾರಿಹಾಳಕ್ಕೆ ಧಾರವಾಡದವರೂ ಕೆಲಸಕ್ಕೆ ಹೋಗಬೇಕು. ಆದ್ದರಿಂದ ಆಸ್ತಿ, ನೌಕರರು, ಸಾಲಗಳನ್ನು ಹಂಚಿಕೊಳ್ಳುವ ಪತ್ರದಲ್ಲಿಯೇ, ನೀರು ಮತ್ತು ಸಾರಿಗೆಯನ್ನು ಇಬ್ಬರೂ ಕೂಡಿ ಯೋಜಿಸುವ ಒಂದು ಸಮಿತಿಯನ್ನೂ ಬರೆದಿಡಬೇಕು. ಹಂಚಿಕೆ ಮುಗಿದ ಮೇಲೆ ಅದನ್ನು ಕೇಳಿದರೆ ಯಾರೂ ಬಿಟ್ಟುಕೊಡುವುದಿಲ್ಲ.